ನೀರಿಲ್ಲದ ಕೊಳದ ಹಾಡು

ರೆಕಾರ್ಡ್ ಕಂಪನಿ ಅಂದರೆ ಏನೋ ಭಾರಿ ಕಟ್ಟಡ ಇರಬೇಕು ಅಂದುಕೊಂಡು ಬಂದವರು ಬಾಗಿಲಲ್ಲೇ ತಬ್ಬಿಬ್ಬಾಗುತ್ತಿದ್ದರು. ಕೆಳಗೆ ಬೀಗ ರಿಪೇರಿಯ ಅಂಗಡಿ, ಅದರ ಪಕ್ಕ ಕಡಿದಾದ ಮರದ ಮೆಟ್ಟಿಲು, ಮೇಲೆ ಮೂರೇ ಕೋಣೆ. ಮೊದಲನೆಯದರಲ್ಲಿ ಅತ್ತೆ ರಟ್ಟಿನ ಕವರುಗಳನ್ನು ಮಡಿಚಿ ಅಂಟು ಹಚ್ಚುತ್ತ ಕೂತಿರುತ್ತಿದ್ದಳು. ಎರಡನೆಯದರಲ್ಲಿ ಮಾವ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರನ್ನೋ ಓಲೈಸುತ್ತಿರುತ್ತಿದ್ದ. ಬೀದಿಯಿಂದ ದೂರದ ಮೂರನೆಯ ಕೋಣೆಗೆ ಗೋಡೆ ತುಂಬ ದಪ್ಪ ಕಂಬಳಿ ಹೊಡೆದಿತ್ತು. ಅದು ಸೊಸೆಯದು.

ಸೊಸೆ ಅಂದರೆ ಮಾವನ ಅಕ್ಕನ ಮಗಳು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲು ಬೀದಿಯ ತಿರುವಿಗೆ ಬರುವ ಮೊದಲೇ ಹೋಗಿ ಬಾಗಿಲು ತೆಗೆದು ನಿಲ್ಲುತ್ತಿದ್ದಳಂತೆ. ಮಾವ ಅವಳಿಗೆ ಕಿವಿರಾಣಿ ಅಂತ ಹೆಸರಿಟ್ಟ. ಅಷ್ಟುದ್ದ ಕರೆಯಲು ಯಾರಿಗೂ ಪುರುಸೊತ್ತಿಲ್ಲದೆ ಅದು ಬರೀ ರಾಣಿ ಆಯಿತು. ಈಗ ಅವಳಿಗೆ ನಲವತ್ತರ ಹತ್ತಿರ. ಅಂಗಡಿಗಳಲ್ಲಿ ಸಿಗದ, ಹೊರತಂದವರೇ ಮರೆತುಬಿಟ್ಟ ಹಳೆಯ ರೆಕಾರ್ಡುಗಳನ್ನು ಕೇಳಿ, ಗೀರುಗಳ ಚಟಪಟ ಸದ್ದನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುವುದು ಅವಳ ಕೆಲಸ. ಹಾಗೆ ಹಸನಾದದ್ದನ್ನು ಮಾವ ಹೊಸದಾಗಿ ಅಚ್ಚು ಹಾಕಿಸಿ ಮಾರುತ್ತಿದ್ದ.

ಮಾವನ ಮೇಜಿನ ಹಿಂದಿನ ಕಪಾಟಿನಲ್ಲಿ ಸರದಿಗೆ ಕಾಯುವ ರೆಕಾರ್ಡುಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಅಂಚೆಯವರೆಲ್ಲ ಸೇರಿ ಹಾಡಿದ್ದು ಒಂದು. ಕಡಲ ತೀರದ ಹೋಟೆಲಿನ ಬ್ಯಾಂಡಿನವರದು ಇನ್ನೊಂದು. ಅದರಲ್ಲಿ ಹಾಡು ಮುಗಿದಾಗಲೆಲ್ಲ ತಟ್ಟೆ ಚಮಚಗಳ ಸದ್ದು ಕೇಳುತ್ತಿತ್ತು. ಬರೀ ಸಿಳ್ಳೆಯಲ್ಲೇ ಎರಡೂ ಬದಿ ತುಂಬಿಸಿದ ಮಹಾರಾಯನೊಬ್ಬನದು ಮತ್ತೊಂದು. ಎಲ್ಲವನ್ನೂ ಮತ್ತೆ ತರಬೇಕೆಂಬ ಆಸೆ, ಆದರೆ ಆಯ್ಕೆ ಮಾಡಲೇಬೇಕಲ್ಲ. ಅದಕ್ಕೆ ಮಾವನದು ಒಂದೇ ಪರೀಕ್ಷೆ. “ಕೇಳಿದ ಮೇಲೆ ಮನೆಗೆ ಹೋಗೋ ದಾರಿ ತಪ್ಪಬೇಕು. ತಪ್ಪಲಿಲ್ಲ ಅಂದ್ರೆ ಅದು ಚೆನ್ನಾಗಿದೆ ಅಷ್ಟೆ, ಕಾಯಲಿ ಬಿಡು.”

ಒಂದು ಮಧ್ಯಾಹ್ನ ಬಸ್ ಡ್ರೈವರ್ ಒಬ್ಬ ಸಮವಸ್ತ್ರದಲ್ಲೇ ಮೆಟ್ಟಿಲು ಹತ್ತಿ ಬಂದು, ಬಗಲಲ್ಲಿದ್ದ ರೆಕಾರ್ಡೊಂದನ್ನು ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ ಮೇಜಿನ ಮೇಲಿಟ್ಟ.

“ನಮ್ಮಮ್ಮಂದು. ಇದನ್ನ ನೀವು ಮತ್ತೆ ತರಬೇಕು ಸಾರ್,” ಅಂದ.

“ಯಾರು ಹಾಡಿರೋದು?”

“ಅದು ಗೊತ್ತಿದ್ರೆ ನಾನೇ ಹೋಗಿ ಅವರ ಕಾಲಿಗೆ ಬೀಳ್ತಿದ್ದೆ.”

ಕವರು ಎಂದೋ ಹರಿದುಹೋಗಿ ಅದರ ಜಾಗದಲ್ಲಿ ಬಟ್ಟೆಯ ಚೀಲವಿತ್ತು. ನಡುವಿನ ಕಾಗದ ಕೈ ತಾಗಿ ತಾಗಿ ಸವೆದು, ಹೆಸರಿದ್ದ ಕಡೆ ಬರೀ ನೀಲಿ ಕಲೆ ಉಳಿದಿತ್ತು.

ರಾಣಿ ಕೋಣೆಯ ಬಾಗಿಲು ಹಾಕಿಕೊಂಡು ಮುಳ್ಳು ಇಳಿಸಿದಳು. ಮೊದಲು ಗೀರುಗಳ ಸದ್ದು, ಆಮೇಲೆ ಒಬ್ಬ ಹುಡುಗಿಯ ದನಿ. ಅವಸರವೇ ಇಲ್ಲದ ದನಿ. ಪದವೊಂದನ್ನು ಬಿಟ್ಟರೆ ಅದು ಎಲ್ಲಿಗೋ ಹೋಗಿ, ಅಲ್ಲೊಂದಿಷ್ಟು ಹೊತ್ತು ಕೂತು, ಬೇರೆ ಯಾರದೋ ಮಾತಾಗಿ ತಿರುಗಿ ಬರುತ್ತಿತ್ತು. ಹುಡುಗಿ ಅದಕ್ಕೆ ದಾರಿ ಬಿಟ್ಟುಕೊಟ್ಟು ಮುಂದಿನ ಪದ ಹಾಡುತ್ತಿದ್ದಳು. ತೀರಾ ಹಿಂದೆ, ಗೋಡೆಯಾಚೆ ಯಾರೋ ಪಿಟೀಲು ನುಡಿಸಿದಂತೆ ಒಂದು ಎಳೆ. ರಾಣಿ ಎರಡೂ ಬದಿ ಕೇಳಿ ಎದ್ದಾಗ ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ಬಾಗಿಲಿಗೆ ಹೋಗಿತ್ತು. ಅವತ್ತು ಮನೆಗೆ ಹೊರಟವಳು ಎರಡು ಬೀದಿ ಆಚೆಗೆ ನಡೆದುಹೋಗಿ, ಯಾರದೋ ಗೇಟಿನ ಚಿಲಕಕ್ಕೆ ಕೈ ಹಾಕಿ, ನಾಯಿ ಬೊಗಳಿದಾಗ ಎಚ್ಚೆತ್ತಳು.

ಮಾವನಿಗೆ ಇಷ್ಟು ಸಾಕಾಯಿತು. ಆದರೆ ಹಾಡಿದವರ ಒಪ್ಪಿಗೆ ಇಲ್ಲದೆ ಅಚ್ಚು ಹಾಕಿಸುವುದು ಅವನ ಜಾಯಮಾನವಲ್ಲ. “ಹುಡುಕು,” ಅಂದ.

ಹುಡುಕುವುದಕ್ಕೆ ರಾಣಿಯ ಹತ್ತಿರ ಇದ್ದದ್ದು ಆ ಮಾರ್ದನಿ ಒಂದೇ. ಯಾವ ಕೋಣೆ ಅದು? ಕಂಡ ಕಂಡಲ್ಲಿ ಚಪ್ಪಾಳೆ ತಟ್ಟಿ ಕಿವಿಗೊಡುವುದು ಅವಳಿಗೆ ಚಟವಾಯಿತು. ರೈಲ್ವೆ ಸ್ಟೇಷನ್ನಿನ ಸುರಂಗದಲ್ಲಿ ತಟ್ಟಿದಳು, ಸದ್ದು ಒರಟಾಗಿ ಬಂತು. ನ್ಯಾಯಾಲಯದ ಮೊಗಸಾಲೆಯಲ್ಲಿ ತಟ್ಟಿದಾಗ ಕಾವಲಿನವನು ಬಂದು ಮೇಲಿಂದ ಕೆಳಕ್ಕೆ ನೋಡಿದ. ಹಳೇ ಸಿನಿಮಾ ಮಂದಿರದಲ್ಲಿ ಸದ್ದನ್ನು ಕುರ್ಚಿಗಳೇ ನುಂಗಿಬಿಟ್ಟವು.

ಕೊನೆಗೆ ಉತ್ತರ ಹೇಳಿದವಳು ಅತ್ತೆ, ಅದೂ ತನಗೇ ತಿಳಿಯದೆ. ಒಂದು ಭಾನುವಾರ ಮಾವನ ಮನೆಯಲ್ಲಿ ರಾಣಿ ತಿಂಡಿ ತಿನ್ನುತ್ತಿದ್ದಾಗ ಅತ್ತೆ ಬಚ್ಚಲಲ್ಲಿ ಏನೋ ಗುನುಗುತ್ತ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದಳು. ಆ ಗುನುಗು ನುಣುಪು ಪಿಂಗಾಣಿ ಹೆಂಚಿನ ಗೋಡೆಗೆ ತಾಗಿ ಮೆತ್ತಗೆ ಹೊರಳಿ ಬಂತು. ರಾಣಿ ತಟ್ಟೆ ಬಿಟ್ಟು ಎದ್ದು ನಿಂತಳು.

“ಬಚ್ಚಲು! ಮಾವ, ಅವಳು ಬಚ್ಚಲಲ್ಲಿ ಹಾಡಿದ್ದಾಳೆ!”

“ಅಷ್ಟು ದೊಡ್ಡ ಬಚ್ಚಲು ಯಾವ ರಾಜನ ಮನೇಲಿತ್ತೇ?”

ಒಳಗಿಂದ ಅತ್ತೆ ಗದರಿದಳು. “ನನ್ನ ಹಾಡಿಗೆ ನಗೋದಾದ್ರೆ ಸಾಯಂಕಾಲ ಅಡಿಗೆ ನೀವೇ ಮಾಡ್ಕೊಳ್ಳಿ!”

ಊರಲ್ಲಿ ಅಷ್ಟು ದೊಡ್ಡ ಬಚ್ಚಲು ಒಂದೇ ಇತ್ತು. ನಗರಸಭೆಯ ಹಳೆಯ ಈಜುಕೊಳ. ಗಾಜಿನ ಮಾಡು, ನಾಲ್ಕು ಕಡೆಯೂ ಬಿಳಿ ಪಿಂಗಾಣಿ ಹೆಂಚಿನ ಗೋಡೆ. ರಾಣಿ ಒಳಗೆ ಹೋದಾಗ ಮಕ್ಕಳು ನೀರಿನಲ್ಲಿ ಕಾಲು ಬಡಿಯುತ್ತಿದ್ದವು. ದಂಡೆಯ ಮೇಲೆ ಬಿಳಿಗೂದಲನ್ನು ಮೋಟುದ್ದ ಕತ್ತರಿಸಿಕೊಂಡ ಹೆಂಗಸೊಬ್ಬರು, ಕೊರಳಲ್ಲಿ ಸೀಟಿ ಹಾಕಿಕೊಂಡು, ಒಡೆದ ದನಿಯಲ್ಲಿ ಕೂಗುತ್ತಿದ್ದರು. “ಮೊಣಕಾಲು ಮಡಿಸಬೇಡ್ವೋ! ನೀನು ಮೀನೋ ಕಪ್ಪೆಯೋ?” ಮಕ್ಕಳೆಲ್ಲ ಅವರನ್ನು ಮೀನಮ್ಮ ಅನ್ನುತ್ತಿದ್ದವು.

ರಾಣಿ ಒಂದು ಚಪ್ಪಾಳೆ ತಟ್ಟಿದಳು. ಹತ್ತಿರ ಬಂದಿತ್ತು, ಆದರೆ ಅದಲ್ಲ.

ಮೀನಮ್ಮ ತಿರುಗಿ ನೋಡಿದರು. “ನೀರಿರೋವಾಗ ಅದು ಬರಲ್ಲಮ್ಮ. ನೀರು ಖಾಲಿ ಆದಾಗ ತಟ್ಟಬೇಕು.”

ರಾಣಿ ಅವರ ಹತ್ತಿರಕ್ಕೆ ಹೋದಳು. ಫೋನಿನಲ್ಲಿ ಹಾಡು ಹಚ್ಚಿ ಅವರ ಕಿವಿಯ ಹತ್ತಿರ ಹಿಡಿದಳು. ಮೀನಮ್ಮ ನೀರಿನ ಕಡೆ ನೋಡುತ್ತಲೇ ಕೇಳಿದರು. ಮುಖದಲ್ಲಿ ಏನೂ ಕದಲಲಿಲ್ಲ. ನಡುವೆ ಒಮ್ಮೆ ಸೀಟಿ ಊದಿ ಮೂಲೆಯಲ್ಲಿ ಕಿತ್ತಾಡುತ್ತಿದ್ದ ಇಬ್ಬರನ್ನು ಬಿಡಿಸಿದರು.

“ಆ ಹುಡುಗಿ ಹೋಗಿ ಎಷ್ಟೋ ಕಾಲ ಆಯ್ತು,” ಅಂದರು ಕೊನೆಗೆ.

“ಅಯ್ಯೋ... ತೀರಿಕೊಂಡ್ರಾ?”

“ತೀರಿಕೊಂಡಿಲ್ಲ. ಈ ಮುಂಡೇವಕ್ಕೆ ಕೂಗಿ ಕೂಗಿ ಗಂಟಲು ಹರಕೊಂಡು ನಿನ್ನ ಮುಂದೆ ನಿಂತಿದ್ದಾಳೆ.”

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ, ಒದ್ದೆ ಟವೆಲುಗಳ ನಡುವೆ ಕೂತು ಅವರು ಕಥೆ ಹೇಳಿದರು. ಆಗಲೂ ಅವರು ಇಲ್ಲೇ ಕೆಲಸಕ್ಕಿದ್ದರು, ಟಿಕೆಟು ಹರಿಯುವ ಕೆಲಸ. ಹೆಂಚು ರಿಪೇರಿಗೆಂದು ಕೊಳ ಬರಿದು ಮಾಡಿದ್ದಾಗ ಒಳಗಿಳಿದು ಹಾಡಿ ನೋಡಿದ್ದು, ತಮ್ಮನನ್ನು ಪಿಟೀಲಿನ ಸಮೇತ ಎಳೆದುಕೊಂಡು ಬಂದದ್ದು, ರೆಕಾರ್ಡಿನ ಕಂಪನಿಯವರು ಕೇಳಿ ಮರುಳಾಗಿ ಯಂತ್ರ ಹೊತ್ತು ತಂದದ್ದು. ಅಕ್ಕ ಆಳವಿಲ್ಲದ ಕಡೆ ನಿಂತಳು, ತಮ್ಮ ಆಳದ ಕಡೆ ಕೂತ. ಎರಡು ಕಡೆಗೂ ಒಂದೊಂದು ಮೈಕು.

“ಆಮೇಲೆ?”

“ಆಮೇಲೇನು? ಮೊದಲನೇ ಕಛೇರಿ ದಿನ ಅವನು ಬರಲೇ ಇಲ್ಲ. ಸಭೆ ತುಂಬಿತ್ತು. ಒಬ್ಬಳೇ ನಿಂತೆ. ಎರಡು ಹಾಡು ಹಾಡಿ ಇಳಿದು ಬಂದೆ, ಮತ್ತೆ ಹತ್ತಲಿಲ್ಲ. ಕಂಪನಿ ಮುಚ್ಚಿತು, ರೆಕಾರ್ಡೂ ನಿಂತುಹೋಯ್ತು.”

“ನಿಮ್ಮ ತಮ್ಮ ಈಗ...”

“ಮಾರುಕಟ್ಟೆ ಹಿಂದೆ ಕನ್ನಡಕದ ಅಂಗಡಿ ಇಟ್ಕೊಂಡಿದ್ದಾನೆ. ನನಗೆ ಚಾಳೀಸು ಬಂದಾಗಲೂ ನಾನು ಬೇರೆ ಕಡೆ ಹೋದೆ.” ಮೀನಮ್ಮ ಎದ್ದರು. “ಹಾಡು ಮತ್ತೆ ತರೋದಾದ್ರೆ ನನ್ನ ಅಡ್ಡಿ ಏನಿಲ್ಲ. ಅವನು ನನ್ನ ಹತ್ರ ಬಂದು ಕೇಳಲಿ, ಅಷ್ಟೆ.”

ಕನ್ನಡಕದವರು ಸಣ್ಣ ಮೈಕಟ್ಟಿನ, ಅಚ್ಚುಕಟ್ಟಾದ ಮನುಷ್ಯ. ಅಂಗಡಿಯ ಗೋಡೆಯ ಮೇಲೆ ಸಾಲುಸಾಲು ಕನ್ನಡಕಗಳು ಖಾಲಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದವು. ವಿಷಯ ಕೇಳಿದವರೇ ಕೈಲಿದ್ದ ಗಾಜನ್ನು ಒರೆಸತೊಡಗಿದರು.

“ಅದರಲ್ಲಿ ನನ್ನ ಪಿಟೀಲು ಕೇಳಿಸ್ತದಾ ನಿಮಗೆ?”

“ಕೇಳ್ತದೆ... ಸ್ವಲ್ಪ.”

“ಆ ‘ಸ್ವಲ್ಪ’ ನಮ್ಮಕ್ಕಂದೇ. ಅಚ್ಚು ಹಾಕೋ ಮುಂಚೆ ಕಂಪನಿಯವರು ಕೂರಿಸಿ ಕೇಳಿಸಿದ್ರು. ‘ಪಿಟೀಲು ಸ್ವಲ್ಪ ಕಡಿಮೆ ಮಾಡಿ’ ಅಂದ್ಲು, ನಾನು ಪಕ್ಕದಲ್ಲೇ ಕೂತಿದ್ದೆ. ಆಮೇಲೆ ರೆಕಾರ್ಡು ಕೈಗೆ ಬಂದಾಗ ನಾನು ಅದರಲ್ಲಿ ಇರಲೇ ಇಲ್ಲ.” ಗಾಜು ಹೊಳೆಯುತ್ತಿದ್ದರೂ ಒರೆಸುವುದು ನಿಲ್ಲಲಿಲ್ಲ. “ಇಲ್ಲದವನು ಕಛೇರಿಗೆ ಯಾಕೆ ಹೋಗಬೇಕು? ಬೇಕಾದ್ರೆ ಅವಳೇ ಬಂದು ನನ್ನನ್ನ ಕೇಳಲಿ.”

ರಾಣಿ ಇಬ್ಬರ ನಡುವೆ ವಾರಗಟ್ಟಲೆ ಓಡಾಡಿದಳು. ಮೀನಮ್ಮ ಅಂದರು, “ನಾನು ಸ್ವಲ್ಪ ಅಂದೆ. ಅವರು ಪೂರ್ತಿ ಮಾಡಿದ್ರೆ ನಾನೇನು ಮಾಡ್ಲಿ?” ಕನ್ನಡಕದವರು ಅಂದರು, “ಪೂರ್ತಿ ಆದದ್ದು ಕೇಳಿದ ಮೇಲಾದ್ರೂ ಬಾಯಿ ಬಿಡಬೇಕಿತ್ತೋ ಬೇಡ್ವೋ?” ಇಬ್ಬರೂ ಮಾತು ಮುಗಿಸುವಾಗ ತಲೆಯನ್ನು ಒಂದೇ ಥರ ಎಡಕ್ಕೆ ವಾಲಿಸುತ್ತಿದ್ದರು. ಹಟವೂ ಒಂದೇ ಅಚ್ಚಿನದು. ಮಾವ ಕೇಳಿ ಕೇಳಿ ಸುಸ್ತಾಗಿ, “ಸಿಳ್ಳೆಯವನ್ನೇ ತರೋಣ ಕಣೆ. ಅವನಿಗೆ ಅಕ್ಕತಂಗಿಯರಿಲ್ಲ,” ಅಂದ.

ರಾಣಿ ಬಿಡಲಿಲ್ಲ. ಅಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆದಿತ್ತು. ಎರಡು ಮೈಕು ಇಟ್ಟಿದ್ದರಿಂದ ಎಡಗಿವಿಗೆ ಹುಡುಗಿಯ ದನಿ ಹೆಚ್ಚು, ಬಲಗಿವಿಗೆ ಪಿಟೀಲು ಹೆಚ್ಚು. ಬಲದ ಕಡೆಯನ್ನು ತಗ್ಗಿಸಿದ್ದರೇ ಹೊರತು ಅಳಿಸಿರಲಿಲ್ಲ. ಅವಳು ಬಲದ ಕಡೆಯ ಗೀರುಗಳನ್ನು ಒಂದೊಂದಾಗಿ ಹೆಕ್ಕಿ, ಆ ಕಡೆಯ ಸದ್ದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆತ್ತುತ್ತ ಹೋದಳು. ಮಂಜು ಸರಿದಂತೆ ಪಿಟೀಲು ಹತ್ತಿರ ಬಂತು. ಆಗ ಗೊತ್ತಾಯಿತು, ಹುಡುಗಿ ಅವಸರವಿಲ್ಲದೆ ಹಾಡುತ್ತಿದ್ದದ್ದು ಯಾಕೆ ಅಂತ. ಪ್ರತಿ ಸಾಲಿನ ಕೊನೆಗೂ ಪಿಟೀಲು ಅವಳಿಗಿಂತ ಮುಂಚೆ ಹೋಗಿ, ಕತ್ತಲಲ್ಲಿ ದೀಪ ಹಿಡಿದವನ ಹಾಗೆ, ಮುಂದಿನ ಪದದ ಜಾಗದಲ್ಲಿ ಕಾದು ನಿಲ್ಲುತ್ತಿತ್ತು.

ಮಾವ ಕೇಳಿ ಹುಬ್ಬು ಗಂಟಿಕ್ಕಿದ. “ಇದು ಹಳೇ ರೆಕಾರ್ಡಲ್ಲವಲ್ಲೇ. ಜನ ಅವತ್ತು ಕೇಳಿದ್ದು ಬೇರೆ. ನಾವು ಧೂಳು ಒರೆಸೋರು, ಮನೆ ಕಟ್ಟೋರಲ್ಲ.”

“ಅವತ್ತು ಕೊಳದಲ್ಲಿ ನಡೆದದ್ದು ಇದು ಮಾವ.”

“ಅದನ್ನ ಹೇಳಬೇಕಾದೋರು ಅವರಿಬ್ಬರು. ನೀನೂ ಅಲ್ಲ, ನಾನೂ ಅಲ್ಲ.”

ಮಾತು ಸರಿಯಾಗಿತ್ತು. ಕಾಲ ಕೂಡಿಬಂದ ಹಾಗೆ, ಹೆಂಚು ಸಡಿಲವಾಗಿದೆಯೆಂದು ನಗರಸಭೆಯವರು ಕೊಳವನ್ನು ಬರಿದು ಮಾಡಿಸಿದ್ದರು. ರಾಣಿ ಇಬ್ಬರ ಹತ್ತಿರವೂ ಮುಚ್ಚುಮರೆಯಿಲ್ಲದೆ ಹೇಳಿದಳು. “ನಿಮ್ಮ ಹಾಡನ್ನ ಅದೇ ಕೊಳದಲ್ಲಿ ಹಚ್ತೀನಿ. ಸರಿಯಾಗಿದೆಯಾ ಅಂತ ಹೇಳೋಕೆ ಭೂಮಿ ಮೇಲೆ ಇರೋದು ನೀವಿಬ್ಬರೇ. ಇನ್ನೊಬ್ಬರೂ ಬರ್ತಾರೆ.”

“ಅವಳು ಇರೋದಾದ್ರೆ ನಾನು ಬರಲ್ಲ,” ಅಂದರು ಕನ್ನಡಕದವರು.

ಆದರೂ ಆ ಬೆಳಿಗ್ಗೆ ರಾಣಿ ಸ್ಪೀಕರು ಇಳಿಸುತ್ತಿದ್ದಾಗ ಟಿಕೆಟಿನ ಕಿಟಕಿಯ ಹತ್ತಿರ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ದರದ ಹಲಗೆಯನ್ನು ಗಮನವಿಟ್ಟು ಓದುತ್ತ ನಿಂತಿದ್ದರು.

ನೀರಿಲ್ಲದ ಕೊಳದೊಳಗೆ ಇಳಿಯುವುದೆಂದರೆ ಯಾರದೋ ನಿದ್ದೆಯೊಳಗೆ ಕಾಲಿಟ್ಟಂತೆ. ಗಾಜಿನ ಮಾಡಿನಿಂದ ಇಳಿದ ಬೆಳಕು ನೀಲಿ ನೆಲಕ್ಕೆ ಬಿದ್ದು, ನೀರೇ ಇಲ್ಲದಿದ್ದರೂ ಗೋಡೆಯ ಮೇಲೆ ತೆಳ್ಳಗೆ ಅಲುಗುತ್ತಿತ್ತು. ಈಜುಗಾರರಿಗೆಂದು ನೆಲದಲ್ಲಿ ಎಳೆದ ಕಪ್ಪು ಗೆರೆಗಳು ಇಳಿಜಾರಿನ ಜೊತೆ ಕೆಳಕ್ಕಿಳಿದು ಮಸುಕಾಗಿದ್ದವು. ಕೆಮ್ಮಿದರೆ ಸಾಕು, ನಾಲ್ಕು ಜನ ಕೆಮ್ಮಿದ ಹಾಗೆ ಕೇಳುತ್ತಿತ್ತು. ಮೀನಮ್ಮ ಆಳವಿಲ್ಲದ ಕಡೆಯ ಮೆಟ್ಟಿಲ ಮೇಲೆ ಕೂತರು. ಕನ್ನಡಕದವರು ಅವರತ್ತ ನೋಡದೆ ಉದ್ದಕ್ಕೂ ನಡೆದುಹೋಗಿ ಆಳದ ಕಡೆಯ ಗೋಡೆಗೆ ಒರಗಿ ನಿಂತರು.

ರಾಣಿ ಹಾಡು ಹಚ್ಚಿದಳು.

ದನಿ ತಾನು ಹುಟ್ಟಿದ ಜಾಗಕ್ಕೆ ಮರಳಿ ಬಂದು ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿತು. ಒಳಗಿದ್ದ ಮಾರ್ದನಿಗೆ ಹೊರಗಿನ ಮಾರ್ದನಿ ಸೇರಿ, ಯಾವುದು ಅಂದಿನದು ಯಾವುದು ಇಂದಿನದು ತಿಳಿಯದಾಯಿತು. ಮೊದಲ ಸಾಲಿನ ಕೊನೆಗೆ ಪಿಟೀಲು ಎದ್ದಾಗ ಮೀನಮ್ಮನ ತಲೆ ತಟ್ಟನೆ ಮೇಲೆದ್ದಿತು. ಆಮೇಲೆ ಅವರು ಕಣ್ಣು ಮುಚ್ಚಿದರು. ಎರಡೂ ಬದಿ ಮುಗಿಯುವವರೆಗೆ ಯಾರೂ ಅಲುಗಲಿಲ್ಲ.

ಕೊನೆಯ ಸದ್ದು ಮಾಡಿನ ಗಾಜಿಗೆ ತಾಗಿ ಆರಿಹೋಯಿತು. ಮೀನಮ್ಮ ಆ ತುದಿಗೆ ಕೇಳುವಂತೆ ಕೂಗಿದರು.

“ಮೂರನೇ ಹಾಡಲ್ಲಿ ನೀನು ಓಡಿದ್ದೀಯ ಗುಂಡಾ!”

“ನಾನು ಓಡಿಲ್ಲ! ನೀನು ಕುಂಟಿದ್ದೀಯ!”

“ಕುಂಟದೆ ಇನ್ನೇನು? ಕಾಲಡಿ ಹೆಂಚು ಮಂಜುಗಡ್ಡೆ ಆಗಿತ್ತು!”

“ನನಗೇನು ಅಲ್ಲಿ ಹಾಸಿಗೆ ಹಾಸಿದ್ರಾ?”

ಎರಡು ಬೈಗುಳವೂ ಎಂಟಾಗಿ ಗೋಡೆಯಿಂದ ಗೋಡೆಗೆ ಪುಟಿದವು. ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ, ಯಾಕೆಂದರೆ ನಗುವೂ ಹಾಗೇ ಎಲ್ಲ ಕಡೆಯಿಂದ ಬಂತು. ಕನ್ನಡಕದವರು ಇಳಿಜಾರು ಹತ್ತಿ ಬಂದು, ಅಕ್ಕನ ಕೆಳಗಿನ ಮೆಟ್ಟಿಲಲ್ಲಿ ಕೂತು, ಕನ್ನಡಕ ತೆಗೆದು ಒರೆಸಿಕೊಂಡರು.

“ಇಷ್ಟು ದಿನ ಇದು ಎಲ್ಲಿತ್ತೋ?” ಮೀನಮ್ಮ ಕೇಳಿದರು.

“ಅಲ್ಲೇ ಇತ್ತಲ್ಲ.” ಆಮೇಲೆ ರಾಣಿಯ ಕಡೆ ತಿರುಗಿ, ತುಸು ಸಂಕೋಚದಿಂದ, “ಪಿಟೀಲು ಸ್ವಲ್ಪ ಜಾಸ್ತಿ ಆಗಿದೆಯೇನೋ ಅಂತ. ಒಂಚೂರು ಕಡಿಮೆ ಮಾಡಿದ್ರೆ...”

“ಮುಟ್ಟಿದ್ರೆ ಜೋಕೆ!” ಅಂದರು ಮೀನಮ್ಮ.

ಯಾರು ಯಾರ ಹತ್ತಿರ ಬಂದು ಕೇಳಬೇಕು ಅನ್ನುವುದು ಹಾಗೇ ಮರೆತುಹೋಯಿತು. ಯಾರೂ ನೆನಪಿಸಲೂ ಇಲ್ಲ.

ಹೆಂಚಿನ ಕೆಲಸ ಮುಗಿಯುತ್ತ ಬಂದಾಗ ಮೀನಮ್ಮನೇ ಮೆಟ್ಟಿಲು ಹತ್ತಿ ಕಂಪನಿಗೆ ಬಂದರು. ಎರಡನೆಯ ಬದಿಯ ಕೊನೆಗೆ ಒಂದಿಷ್ಟು ಜಾಗ ಉಳಿದಿದೆಯಲ್ಲ, ಅಲ್ಲಿ ಇನ್ನೊಂದು ಹಾಡು ಹಿಡಿಸೀತೇ ಅಂತ ಅವರ ಪ್ರಶ್ನೆ. “ದನಿ ಇಲ್ಲ ನನಗೆ, ಗೊತ್ತು. ಇದ್ದಷ್ಟರಲ್ಲೇ ಹಾಡ್ತೀನಿ. ಅವನು ತಿಂಗಳಿಂದ ಅಂಗಡಿ ಬಾಗಿಲು ಹಾಕ್ಕೊಂಡು ಕುಯ್‌ಕುಯ್ ಅನ್ನಿಸ್ತಾ ಇದಾನೆ. ಗಿರಾಕಿಗಳು ಓಡಿ ಹೋಗ್ತಿದ್ದಾರಂತೆ.” ಮಾವ ಎರಡನೇ ಮಾತಾಡಲಿಲ್ಲ. ಅತ್ತೆ ತಾನೂ ಬರುತ್ತೇನೆಂದು ಅಂಟಿನ ಕೈ ತೊಳೆದುಕೊಂಡಳು.

ಇನ್ನೂ ಬರಿದಾಗಿದ್ದ ಕೊಳದಲ್ಲಿ ರಾಣಿ ಎರಡು ಮೈಕು ಇಟ್ಟಳು, ಅಂದಿನ ಹಾಗೆಯೇ, ಆಳದ ಕಡೆ ಕನ್ನಡಕದವರಿಗೊಂದು ಕುರ್ಚಿ. ತಾನು ದಂಡೆಯ ಮೇಲೆ ಹೆಡ್‌ಫೋನು ಹಾಕಿಕೊಂಡು ಕೂತಳು. ಮೀನಮ್ಮ ಹಾಡತೊಡಗಿದರು. ದನಿ ಒಡೆದಿತ್ತು, ತಗ್ಗಿತ್ತು, ಮಾತಿಗೂ ಹಾಡಿಗೂ ನಡುವೆ ಎಲ್ಲೋ ಕಾಲೆಳೆದು ನಡೆಯುತ್ತಿತ್ತು. ಆದರೆ ಆ ಅವಸರವಿಲ್ಲದ ನಡೆ ಅದೇ. ಪಿಟೀಲು ಮುಂದೆ ಹೋಗಿ ನಿಂತು ಕಾಯುತ್ತಿತ್ತು, ಈಗ ಇನ್ನೂ ಹೆಚ್ಚು ಹೊತ್ತು ಕಾಯುತ್ತಿತ್ತು.

ಹಾಡು ಅರ್ಧಕ್ಕೆ ಬಂದಾಗ ರಾಣಿಯ ಬಲಗಿವಿಯಲ್ಲಿ ಸಣ್ಣದೊಂದು ಸದ್ದು ಸೇರಿಕೊಂಡಿತು. ಯಾರೋ ರೇಷ್ಮೆ ಬಟ್ಟೆ ಬಿಚ್ಚುತ್ತಿರುವ ಹಾಗೆ. ಅವಳು ತಲೆಯೆತ್ತಿ ನೋಡಿದಳು. ಆಳದ ಕಡೆಯ ಜಾಲರಿಯಿಂದ ನೀರು ಉಕ್ಕುತ್ತಿತ್ತು. ಯಂತ್ರದ ಕೋಣೆಯವನಿಗೆ ಯಾರೂ ಹೇಳಿರಲಿಲ್ಲ, ಅವನು ತನ್ನ ಪಾಡಿಗೆ ನೀರಿನ ವಾಲ್ವು ತಿರುಗಿಸಿದ್ದ. ನೀರು ಕನ್ನಡಿಯ ಹಾಳೆಯಂತೆ ಹರಡುತ್ತ ಬಂದು ಕನ್ನಡಕದವರ ಬೂಟನ್ನು ಸುತ್ತುವರಿಯಿತು.

ಮಾವ ಓಡಲು ಎದ್ದ. ರಾಣಿ ಅವನ ತೋಳು ಹಿಡಿದು ಕೂರಿಸಿದಳು. ಜನ್ಮದಲ್ಲಿ ಒಂದು ಗೀರಿನ ಸದ್ದನ್ನೂ ಸಹಿಸದವಳು, ಈ ಸದ್ದನ್ನು ನಿಲ್ಲಿಸಲು ಅವಳಿಗೆ ಮನಸ್ಸೇ ಬರಲಿಲ್ಲ. ಕನ್ನಡಕದವರು ಕೆಳಗೆ ನೋಡಿದರು. ಕಮಾನು ನಿಲ್ಲಿಸದೆ ಒಂದು ಕಾಲೆತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟರು, ಆಮೇಲೆ ಇನ್ನೊಂದನ್ನು. ಮೀನಮ್ಮ ಅದನ್ನು ಕಂಡರು. ದನಿಯಲ್ಲಿ ಒಂದು ನಗೆ ಸುಳಿದುಹೋಯಿತು, ಹಾಡು ಮಾತ್ರ ನಿಲ್ಲಲಿಲ್ಲ. ಬಾಯಲ್ಲಿ ಪದ, ಪಾದದಲ್ಲಿ ನಡಿಗೆ. ಹಾಡುತ್ತಲೇ ಅವರು ಇಳಿಜಾರಿಳಿದು ನೀರೊಳಗೆ ಕಾಲಿಟ್ಟು ತಮ್ಮನ ಕಡೆ ಹೊರಟರು. ಬೆಳಕು ಒಡೆದು ಗೋಡೆ ತುಂಬ ಓಡಾಡತೊಡಗಿತು. ಅತ್ತೆ ದಂಡೆಯ ತುದಿಗೇ ಬಂದು ಬಗ್ಗಿ ನೋಡುತ್ತಿದ್ದಳು. ಕೊನೆಯ ಸಾಲು ಬರುವಷ್ಟರಲ್ಲಿ ಇಬ್ಬರೂ ಒಂದೇ ಮೈಕಿನ ಮುಂದಿದ್ದರು, ನೀರು ಕುರ್ಚಿಯ ಅಡ್ಡಪಟ್ಟಿಯವರೆಗೆ ಬಂದಿತ್ತು.

ಹಾಡು ಮುಗಿದ ಮೇಲೆ ತಮ್ಮ ಪಿಟೀಲನ್ನು ತಲೆಯ ಮೇಲೆ ಹಿಡಿದುಕೊಂಡು ಎದ್ದು ನಿಂತರು. ಅಕ್ಕ ಅವರ ಕೋಟಿನ ತುದಿ ಎತ್ತಿ ಹಿಡಿದು, “ಮೆಲ್ಲಗೆ ಬಾ, ಹೆಂಚು ಜಾರ್ತದೆ,” ಎನ್ನುತ್ತ ಮೇಲಕ್ಕೆ ಕರೆದುಕೊಂಡು ಬಂದರು.

ರೆಕಾರ್ಡು ಆ ವರ್ಷವೇ ಹೊರಬಂತು. ಕವರಿನ ಮೇಲೆ ಬರಿದಾದ ಕೊಳದ ಚಿತ್ರ, ಅದರ ಕೆಳಗೆ ಇಬ್ಬರ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿ. ಕೊಂಡವರಲ್ಲಿ ಕೆಲವರು ಫೋನು ಮಾಡಿ, ಕೊನೆಯ ಹಾಡಿನಲ್ಲಿ ಏನೋ ಸದ್ದು ಸೇರಿಕೊಂಡಿದೆ, ತಮಗೆ ಬಂದ ಪ್ರತಿಯೇ ಕೆಟ್ಟಿದೆಯೋ ಏನೋ ಅಂತ ವಿಚಾರಿಸಿದರು. ಫೋನು ಎತ್ತಿದ್ದು ಅತ್ತೆಯಾದರೆ ಅವರ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಅವಳು ಹೆಂಚಿನಿಂದ ಹಿಡಿದು ಬೂಟಿನವರೆಗೆ ಎಲ್ಲವನ್ನೂ ಹೇಳಿ ಮುಗಿಸುವ ತನಕ ಬಿಡುತ್ತಿರಲಿಲ್ಲ. ಕೇಳಿದವರು ಫೋನು ಇಟ್ಟು, ಮುಳ್ಳನ್ನು ಮತ್ತೆ ಆ ಹಾಡಿನ ಮೊದಲಿಗೆ ಇಳಿಸುತ್ತಿದ್ದರಂತೆ.